ದೋಣಿಯ ಲಿಲಾವು, ದನದ ಫಾರ್ಮು

ಸರಕಾರಿ ನೌಕರಿಯಲ್ಲಿ ಬುದ್ಧಿವಂತ ಅನಿಸಿಕೊಂಡರೆ ಮುಗಿಯಿತು, ಊರ ಫಜೀತಿಯೆಲ್ಲ ನಿಮ್ಮ ಟೇಬಲ್ಲನ್ನೇ ಹುಡುಕಿಕೊಂಡು ಬರುತ್ತದೆ. ಒಂದೇ ದೋಣಿ ನಮ್ಮ ಕಚೇರಿಯ ಮರ್ಯಾದೆ ಮೂರು ಸಲ ತೆಗೆಯಿತು.

೧. ಕೋಡು ಇಲ್ಲ

ಸಿಂದಗಿ ಕಡೆಯ ಎರೆಭೂಮಿಯಲ್ಲಿ ಹುಟ್ಟಿದ ನನಗೆ ಆಲಮಟ್ಟಿ ಹಿನ್ನೀರಿನ ದಂಡೆಯ ಕಚೇರಿಗೆ ವರ್ಗವಾಯಿತು. ನಾನು ಹೋದ ವಾರದಲ್ಲೇ ವಾರಸುದಾರರಿಲ್ಲದ ದೋಣಿಯೊಂದು ತೇಲಿಬಂದು ನಮ್ಮ ಸುಪರ್ದಿಗೆ ಸೇರಿತು. ಸಾಹೇಬರು ಕಾಯ್ದೆ ತಿಳಿಸಿದರು: ಡಂಗುರ ಸಾರಬೇಕು, ಲಿಲಾವು, ಅಂದರೆ ಹರಾಜು, ಮಾಡಬೇಕು, ಬಂದ ಹಣದಲ್ಲಿ ಮೊದಲು ಖರ್ಚು ಮುರಿದುಕೊಳ್ಳಬೇಕು, ಉಳಿದದ್ದು ಮಾಲೀಕರಿಗೆ, ಅವರು ಬರದಿದ್ದರೆ ಸರಕಾರಕ್ಕೆ. ಬೀಡಾಡಿ ದನಕ್ಕೂ ಇದೇ ಅಲ್ಲವೇ ಎಂದು ನಾನು ದನ ಕೂಡಿಹಾಕುವ ಕೊಂಡವಾಡದ ಫಾರ್ಮು ತೆಗೆದು ತುಂಬಿದೆ. ಬಣ್ಣ: ನೀಲಿ. ಕೋಡು: ಇಲ್ಲ. ಬಾಲ: ಇಲ್ಲ. ಸ್ವಭಾವ: ಸಾಧು. ಸಾಹೇಬರು ನೋಡದೆ ಸಹಿ ಹಾಕಿದರು.

೨. ಗಿರಾಕಿ

ಲಿಲಾವಿನ ದಿನ ಹೊಳೆಯ ಮಂದಿ ಯಾರೂ ಸವಾಲು ಕೂಗಲಿಲ್ಲ. ಇನ್ನೊಬ್ಬರ ಅನ್ನದ ದೋಣಿ ಮುಟ್ಟಬಾರದಂತೆ. ಕೂಗಿದವನು ಹೊಳೆಯಿಲ್ಲದ ಕನ್ನೊಳ್ಳಿಯ ರೈತ ಒಬ್ಬನೇ. ಅಲ್ಲಿ ಇದನ್ನು ಎಲ್ಲಿ ನಡೆಸುತ್ತೀಯೆಂದು ಸಾಹೇಬರು ಕೇಳಿದರೆ, ದನಕ್ಕೆ ನೀರು ಕುಡಿಸಲು ಬಾನಿ ಬೇಕಾಗಿತ್ತು ಎಂದ.

ಸಾಹೇಬರಿಗೆ ದೋಣಿಯ ಪರವಾಗಿ ಅವಮಾನವಾಯಿತು. "ಗಟ್ಟಿ ಮಾಲು ಐತಪಾ. ಹೊರಗಿನ ನೀರು ಒಂದ್ ಹನಿ ಒಳಗ ಬರೂದಿಲ್ಲ."

"ಒಳಗಿಂದು ಹೊರಗ ಹೋಗಬಾರದ್ರಿ, ಅಷ್ಟಽ ಸಾಕು," ಎಂದು ಅವನು ದೋಣಿಯನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋದ.

೩. ಮೇವಿನ ಖರ್ಚು

ತಿಂಗಳ ನಂತರ ದೋಣಿಯ ಮಾಲಕಿ ಬಂದಳು. ಮೀನು ಹಿಡಿಯುವ ಹೆಂಗಸು, ಮಗಳ ಬಾಣಂತನಕ್ಕೆಂದು ಇಂಡಿಗೆ ಹೋಗಿದ್ದಳು. ದಂಡೆಯವರೆಲ್ಲ ಸಾಕ್ಷಿ ಹೇಳಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲವಲ್ಲ ಎಂದರು.

ದೋಣಿ ಮಾರಿಹೋಯಿತು ಎಂದು ಕೇಳಿ ಆಕೆ ಮೆಟ್ಟಿಲ ಮೇಲೆ ಕುಸಿದಳು. "ಅದರ ಮ್ಯಾಲಽ ನನ್ನ ಮನಿ ನಡೀತಿತ್ರಿ." ಉಳಿದ ಹಣ ಕೈಗೆ ಬಂದರೆ ಮಾತ್ರ ಆಕೆಗೆ ಇನ್ನೊಂದು ದೋಣಿ.

ಫೈಲು ತೆರೆದರೆ ಇನ್ನೊಂದು ಫಜೀತಿ. ಖಾಲಿ ಖಾನೆ ಬಿಟ್ಟರೆ ಬಿಲ್ಲು ಪಾಸಾಗುವುದಿಲ್ಲವೆಂದು ನಮ್ಮ ಕಚೇರಿಯ ಸಿಪಾಯಿ ಮೇವಿನ ಖಾನೆಯನ್ನೂ ತುಂಬಿದ್ದ. ಮೇವು: ದಿನಕ್ಕೆ ಎರಡು ಸೂಡು ಜೋಳದ ಕಣಿಕಿ. ಅದನ್ನು ಮುರಿದರೆ ಅರ್ಧಕ್ಕಿಂತ ಹೆಚ್ಚು ಹಣ ಹೋಗುತ್ತಿತ್ತು. ತಲೆ ತಗ್ಗಿಸಿ ಓದಿ ಹೇಳಿದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತಳು. "ತಿಂದಿರಬೇಕು ಬಿಡ್ರಿ, ನಾ ಇರಲಿಲ್ಲ. ಹಂಗಾದ್ರ ಅದರ ಸಗಣಿ ಎಲ್ಲೈತಿ ತೋರಸ್ರಿ. ದೋಣಿ ನಂದಂದ ಮ್ಯಾಲ ಸಗಣಿನೂ ನಂದಽ."

ಬಾಗಿಲಲ್ಲಿ ನಿಂತು ಕೇಳಿದ ಸಾಹೇಬರು ಫೈಲು ಕಸಿದುಕೊಂಡರು. ಡಂಗುರದ ಖರ್ಚೊಂದನ್ನು ಬಿಟ್ಟು ಎಲ್ಲ ಹಣವನ್ನೂ ಆಕೆಗೆ ಕೊಡಿಸಿದರು. ಮೇವಿನ ಖಾನೆಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಬರೆದರು: "ಸಗಣಿ ಸಿಗದ ಕಾರಣ ರದ್ದು."