ಗೇಟಿಗೆ ಅಡ್ಡ ನಿಂತ ಗೂಡ್ಸ್ ಗಾಡಿಯಲ್ಲಿ ಒಂದು ವಶೀಲಿ ವಿನಂತಿ

ಈಸ್ಟ್ ಮೆಡೋ ಫ್ರೈಟ್ ಕಂಪನಿಯ ಗೂಡ್ಸ್ ಗಾಡಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವುದು ಪತ್ರದ ಪದ್ಧತಿಯಾದರೂ, ಈ ಕ್ಷಣ ತಾವು ನನ್ನ ಕಾರಿನ ಮೂತಿಯ ಮುಂದೆಯೇ, ಎರಡೂ ದಿಕ್ಕಿಗೆ ಕಣ್ಣು ಹಾಯುವ ತನಕ ಮೈಚಾಚಿ ನಿಂತಿರುವುದರಿಂದ ತಮ್ಮ ಕ್ಷೇಮದ ಬಗ್ಗೆ ನನಗೆ ಯಾವ ಸಂದೇಹವೂ ಇಲ್ಲ. ಈ ಪತ್ರ ನಮ್ಮ ಕ್ಷೇಮದ ವಿಚಾರಕ್ಕೆ.

ನಾನು ಕೆಂಡಲ್ ಪಾರ್ಕ್ ನಿವಾಸಿ. ಪಕ್ಕದ ಸೀಟಿನಲ್ಲಿ ಶಾಲು ಹೊದ್ದು ಕುಳಿತಿರುವವರು ನಮ್ಮ ಅತ್ತೆ ಶಿವಲಿಂಗಮ್ಮನವರು. ವಾರಕ್ಕೆ ಮೂರು ದಿನ ಅವರ ರಕ್ತವನ್ನು ಯಂತ್ರವೊಂದು ತೊಳೆದುಕೊಡಬೇಕು, ಆ ಯಂತ್ರ ತಮ್ಮ ಆಚೆ ಬದಿಯಲ್ಲಿದೆ. ಡಯಾಲಿಸಿಸ್ ಕೇಂದ್ರದಲ್ಲಿ ಕುರ್ಚಿಗಳು ಕಡಿಮೆ, ರೋಗಿಗಳು ಹೆಚ್ಚು; ತಡವಾದಷ್ಟು ಹೊತ್ತನ್ನು ಚಿಕಿತ್ಸೆಯಲ್ಲೇ ಕಡಿತ ಮಾಡುತ್ತಾರೆ, ಏಕೆಂದರೆ ಅದೇ ಕುರ್ಚಿಗೆ ಮುಂದಿನವರು ಕಾದಿರುತ್ತಾರೆ. ಹಾಗೆ ಕಡಿತವಾದ ದಿನ ಅತ್ತೆಯವರ ಕಾಲು ಊದುತ್ತದೆ, ಮಲಗಿದರೆ ಉಸಿರು ಸಿಕ್ಕುವುದಿಲ್ಲ, ದಿಂಬಿಗೆ ಒರಗಿ ಕುಳಿತೇ ಬೆಳಗು ಮಾಡುತ್ತಾರೆ. ಕಳೆದ ತಿಂಗಳು ಎಮರ್ಜೆನ್ಸಿಗೇ ಸೇರಿಸಬೇಕಾಯಿತು. ರೂಟ್ ಒನ್ ಹೆದ್ದಾರಿ ಸುತ್ತಿ ಹೋಗುವ ದಾರಿ ಇಲ್ಲದಿಲ್ಲ. ಆದರೆ ತಾವು ನಿಂತ ದಿನ ಇಡೀ ಊರೇ ಆ ದಾರಿ ಹಿಡಿದಿರುತ್ತದೆ.

ಇದನ್ನು ದೂರು ಎಂದು ತಾವು ತಿಳಿಯಬಾರದು. ಇಷ್ಟು ನಿಶ್ಚಲವಾಗಿ ನಿಂತವರನ್ನು ನಾನು ಹಿಂದೆ ಶ್ರವಣಬೆಳಗೊಳದಲ್ಲಿ ಮಾತ್ರ ಕಂಡಿದ್ದೆ, ಅಲ್ಲಾದರೂ ಅವರು ದಾರಿ ಬಿಟ್ಟು ಬೆಟ್ಟದ ಮೇಲೆ ನಿಂತಿದ್ದಾರೆ. ಎಂ.ಎ. ಮುಗಿಸಿ ಇಷ್ಟು ವರ್ಷಗಳಾದ ಮೇಲೆ ಒಂದು ಕವನ ಸಂಕಲನವನ್ನು ಮೊದಲಿನಿಂದ ಕೊನೆಯವರೆಗೆ ಓದುವ ಬಿಡುವು ನನಗೆ ದೊರಕಿಸಿಕೊಟ್ಟವರೂ ತಾವೇ. ಆ ಪುಸ್ತಕ ಮುಗಿದು, ಈಗ ತಮ್ಮ ಡಬ್ಬಿಗಳ ಮೇಲೆ ಯಾರೋ ಬಣ್ಣ ಎರಚಿ ಬರೆದದ್ದನ್ನು ಓದುತ್ತಿದ್ದೇನೆ. ಕೆಲವು ಸಾಲು ಚೆನ್ನಾಗಿವೆ.

ತಮ್ಮ ವಿಚಾರವಾಗಿ ನಾನು ಮೊದಲು ಟೌನ್‌ಶಿಪ್ ಕಚೇರಿಗೆ ಹೋಗಿದ್ದೆ. ಪೊಲೀಸರು ತಮಗೆ ದಂಡದ ಟಿಕೆಟ್ ಕೊಟ್ಟರೆ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ರಾಜ್ಯ ಸರ್ಕಾರದ ಮಾತು ತಮ್ಮ ಮೇಲೆ ನಡೆಯುವುದಿಲ್ಲ, ತಾವು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನಿಗೆ ಮಾತ್ರ ಸೇರಿದವರು ಎಂದು ಅಲ್ಲಿ ತಗ್ಗಿದ ದನಿಯಲ್ಲಿ ತಿಳಿಸಿದರು. ಗೂಡ್ಸ್ ಗಾಡಿ ಗೇಟಿನಲ್ಲಿ ಎಷ್ಟು ಹೊತ್ತು ನಿಲ್ಲಬಹುದೆಂದು ಮಿತಿ ಹಾಕುವ ಮಸೂದೆಯೊಂದು ವಾಷಿಂಗ್ಟನ್ನಿನಲ್ಲಿ ಇದೆಯೆಂದೂ, ಅದನ್ನು ಪರಿಶೀಲಿಸುವವರಲ್ಲಿ ನಮ್ಮ ಸಂಸದರೂ ಒಬ್ಬರೆಂದೂ ಅಲ್ಲೇ ಗೊತ್ತಾಯಿತು.

ನಮ್ಮ ಕನ್ನಡ ಸಂಘದವರಿಗೆ ಇಷ್ಟು ಸಾಕಾಯಿತು. ರಾಜ್ಯೋತ್ಸವಕ್ಕೆ ಸಂಸದರನ್ನು ಕರೆಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟೆವು. ಇಷ್ಟು ಮರ್ಯಾದೆ ಮಾಡಿಸಿಕೊಂಡವರು ನಮ್ಮ ಮಾತು ತೆಗೆದುಹಾಕಲಾರರು ಎಂಬುದು ನಮ್ಮೆಲ್ಲರ ದೃಢ ನಂಬಿಕೆಯಾಗಿತ್ತು. ಸಂಸದರು ನಮ್ಮ ಅಹವಾಲು ಕೇಳಿ, ಪೇಟದಡಿಯಿಂದಲೇ ಬಾಗಿ, ಅತ್ತೆಯವರ ಎರಡೂ ಕೈ ಹಿಡಿದು, ‘ಐ ಹಿಯರ್ ಯೂ’ ಎಂದರು. ಅರ್ಥ ಹೇಳಿದ ಮೇಲೆ ಅತ್ತೆಯವರು, ‘ಕೇಳಿಸ್ತೈತಂತ. ಪಾಪ, ಛಲೋ ಮನಷ್ಯಾ’ ಎಂದು ಸಂತೋಷಪಟ್ಟರು. ಯುಗಾದಿಯ ಹೊತ್ತಿಗೆ ಆ ಛಲೋ ಮನುಷ್ಯರು ಮಸೂದೆಯನ್ನು ಇನ್ನಷ್ಟು ಅಧ್ಯಯನಕ್ಕೆ ಕಳುಹಿಸುವ ಪರವಾಗಿ ಮತ ಹಾಕಿದ್ದರು.

ಆಮೇಲೆ ಮಗಳು ಅನುಶ್ರೀ, ಯಾರು ಯಾರಿಗೆ ಎಷ್ಟು ದೇಣಿಗೆ ಕೊಟ್ಟರೆಂಬ ಲೆಕ್ಕವಿರುವ ಚುನಾವಣಾ ಆಯೋಗದ ವೆಬ್‌ಸೈಟ್ ತೆರೆದು ತೋರಿಸಿದಳು. ತಮ್ಮ ಕಂಪನಿಗೆ ‘ಉತ್ತಮ ಆಡಳಿತ ಸಮಿತಿ’ ಎಂಬ ಸುಂದರವಾದ ಹೆಸರಿನ ಒಂದು ರಾಜಕೀಯ ಸಮಿತಿ ಇದೆ. ಇಲ್ಲಿಯವರು ಇಂಥದಕ್ಕೆ ಪ್ಯಾಕ್ ಎನ್ನುತ್ತಾರೆ. ಕಂಪನಿ ತನ್ನ ಬೊಕ್ಕಸದಿಂದ ನೇರವಾಗಿ ಅಭ್ಯರ್ಥಿಗೆ ಹಣ ಕೊಡುವುದು ಕಾನೂನಿಗೆ ವಿರುದ್ಧವಾದ್ದರಿಂದ, ಮ್ಯಾನೇಜರುಗಳು ಸ್ವಂತ ಸಂಬಳದಿಂದ, ಸ್ವಂತ ಇಚ್ಛೆಯಿಂದ ಕೊಟ್ಟದ್ದನ್ನು ಒಟ್ಟುಮಾಡಿ ಈ ಸಮಿತಿ ರಾಜಕಾರಣಿಗಳಿಗೆ ಮುಟ್ಟಿಸುತ್ತದೆ. ನಮ್ಮ ಸಂಸದರಿಗೂ ಕೊಟ್ಟಿದೆ, ಅವರ ಎದುರು ನಿಂತು ಸೋತವರಿಗೂ ಕೊಟ್ಟಿದೆ. ಒಂದೇ ಮದುವೆಯಲ್ಲಿ ಗಂಡಿನ ಕಡೆಗೂ ಹೆಣ್ಣಿನ ಕಡೆಗೂ ಮುಯ್ಯಿ ಮಾಡುವ ಇಂಥ ದೊಡ್ಡ ಮನಸ್ಸು ನಮ್ಮ ನೆಂಟರಿಷ್ಟರಲ್ಲಿ ಯಾರಿಗೂ ಇಲ್ಲ. ಎಲ್ಲವೂ ಮಿತಿಯೊಳಗೆ, ಎಲ್ಲವೂ ಬಹಿರಂಗ. ಆ ದೇಣಿಗೆಗೂ ಈ ಮತಕ್ಕೂ ಯಾವ ಸಂಬಂಧವೂ ಇಲ್ಲವೆಂದು ಸಂಸದರ ಕಚೇರಿ ನನಗೆ ಬರೆದು ತಿಳಿಸಿದೆ. ನಾನು ನಂಬುತ್ತೇನೆ, ನಮ್ಮ ಹಣ್ಣಿನ ಬುಟ್ಟಿಗೂ ಯಾವ ಸಂಬಂಧವೂ ಇರಲಿಲ್ಲವಷ್ಟೆ.

ಇನ್ನು ಹೇಳಲು ಸ್ವಲ್ಪ ಸಂಕೋಚವಾಗುವ ಸಂಗತಿ. ಕೊಟ್ಟವರ ಹೆಸರುಗಳಲ್ಲಿ ನನ್ನ ಯಜಮಾನರು ಶಶಿಧರ ಅವರದೂ ಇತ್ತು. ಅವರು ಇದೇ ಈಸ್ಟ್ ಮೆಡೋ ಕಂಪನಿಯಲ್ಲಿ ಐ.ಟಿ. ಮ್ಯಾನೇಜರು, ದಿನಾ ಸೀಕಾಕಸ್‌ನ ಆಫೀಸಿಗೆ ಕಮ್ಯೂಟ್ ಮಾಡುವವರು. ಇದೇನೆಂದು ಕೇಳಿದಾಗ, ‘ಅದಾ? ಅದು ವಂತಿಗಿ. ಆಫೀಸಿನಾಗ ಎಲ್ಲಾರೂ ಹಾಕ್ತಾರ, ನಾನೂ ಹಾಕೀನಿ. ಗಣಪತಿಗೆ ಕೊಡೂದಿಲ್ಲೇನು, ಹಂಗ’ ಎಂದರು. ವಂತಿಗೆ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿದ ಮನೆತನ ಅವರದಲ್ಲ. ಯಾವ ದೇವರ ಉತ್ಸವಕ್ಕೆ ಎಂದು ಮಾತ್ರ ಅವರು ವಿಚಾರಿಸಿರಲಿಲ್ಲ. ಪ್ರಸಾದವಾಗಿ ಕೋಟಿಗೆ ಚುಚ್ಚಿಕೊಳ್ಳುವ, ತಮ್ಮ ಎಂಜಿನ್ನಿನ ಆಕಾರದ ಒಂದು ಪಿನ್ನು ಸಿಕ್ಕಿದೆ. ರಾಜ್ಯೋತ್ಸವದ ದಿನ ಸಂಸದರಿಗೆ ಶಾಲು ಹೊದಿಸಿದವರು ಶಶಿಧರ ಅವರೇ, ಪಿನ್ನು ಅವರ ಕೋಟಿನ ಮೇಲೆಯೇ ಇತ್ತು. ಅತ್ತೆಯವರ ಕೈ ಹಿಡಿದಷ್ಟು ಹೊತ್ತೂ ಸಂಸದರು ನಗುತ್ತ ನೋಡುತ್ತಿದ್ದದ್ದು ಅದನ್ನೇ ಎಂದು ಈಗ ಅನಿಸುತ್ತದೆ.

ಆದ್ದರಿಂದ ನನ್ನ ವಿನಂತಿ. ನಮ್ಮ ಸಂಸದರಿಗೆ ನಾವು ಮತದಾರರು ಮಾತ್ರ, ತಾವು ಹತ್ತಿರದವರು. ತಮ್ಮ ವಶೀಲಿ ಬಳಸಿ ನಮಗೆ ಅವರ ಒಂದು ಭೇಟಿ ಕೊಡಿಸಬೇಕು. ಅದು ತೊಂದರೆಯಾದರೆ, ಅತ್ತೆಯವರನ್ನು ಸರಕು ಎಂದು ದಾಖಲಿಸಿ ಒಂದು ಡಬ್ಬಿಗೆ ಹತ್ತಿಸಿಕೊಂಡು, ತಾವು ಹೊತ್ತಿರುವ ಪ್ಲಾಸ್ಟಿಕ್ ಹರಳಿಗೂ ಜೋಳದ ಪಾಕಕ್ಕೂ ಇರುವ ಫೆಡರಲ್ ರಕ್ಷಣೆಯನ್ನು ಅವರಿಗೂ ಒದಗಿಸಬೇಕು. ಅವರ ತೂಕ ಹೆಚ್ಚಿಲ್ಲ. ಚಿಕಿತ್ಸೆ ತಪ್ಪಿದ ದಿನ ಮೈಯಲ್ಲಿ ನೀರು ತುಂಬಿ ಸ್ವಲ್ಪ ಏರುತ್ತದೆ, ಅಷ್ಟೆ. ಮುಂದಿನ ರಾಜ್ಯೋತ್ಸವಕ್ಕೆ ನಡುವಿನವರನ್ನು ಬಿಟ್ಟು ತಮ್ಮನ್ನೇ ಮುಖ್ಯ ಅತಿಥಿಯಾಗಿ ಕರೆಯುವ ಆಲೋಚನೆಯೂ ಇದೆ. ಎಂಜಿನ್ನಿನ ತಲೆಯ ಅಳತೆ ಕಳುಹಿಸಿದರೆ ಪೇಟವನ್ನು ಮೈಸೂರಿನಿಂದಲೇ ತರಿಸುತ್ತೇವೆ.

ಇಷ್ಟು ಬರೆಯುವಷ್ಟರಲ್ಲಿ ಕೇಂದ್ರದಿಂದ ಫೋನ್ ಬಂತು. ಇಂದಿನ ಕುರ್ಚಿ ಬೇರೆಯವರಿಗೆ ಹೋಗಿದೆಯಂತೆ. ನಾಳೆ ಯಾರಾದರೂ ಬಾರದಿದ್ದರೆ ಆ ಜಾಗದಲ್ಲಿ ಕೂರಿಸಿಕೊಳ್ಳುತ್ತೇವೆ ಎಂದು ನರ್ಸ್ ಮೃದುವಾಗಿಯೇ ಹೇಳಿದರು. ಯಾರೋ ಒಬ್ಬರು ನಾಳೆ ಅಲ್ಲಿಗೆ ತಲುಪದಿರಲಿ ಎಂದು ಹಾರೈಸಲು ನೋಡಿದೆ, ಮನಸ್ಸು ಬರಲಿಲ್ಲ. ಇನ್ನೊಬ್ಬರ ದಾರಿಗೆ ಅಡ್ಡ ನಿಲ್ಲುವುದಕ್ಕೂ ಒಂದು ಅಭ್ಯಾಸ ಬೇಕೇನೋ, ಅದನ್ನು ತಮ್ಮಿಂದ ಕಲಿಯುವುದು ನನಗಿನ್ನೂ ಬಾಕಿ ಇದೆ.

ಗೇಟಿನ ಈಚೆ ಬದಿಯಿಂದ, ತಮ್ಮ ವಿಶ್ವಾಸಿ,
ಲಾವಣ್ಯಾ ಶಶಿಧರ
ಕೆಂಡಲ್ ಪಾರ್ಕ್, ನ್ಯೂ ಜೆರ್ಸಿ

ತಾ.ಕ.: ಕುರ್ಚಿ ತಪ್ಪಿದ ಸುದ್ದಿ ಕೇಳಿ ಶಶಿಧರ ಅವರು ಆಫೀಸಿನಿಂದ ಫೋನ್ ಮಾಡಿ, ವಂತಿಗೆಯನ್ನು ಇವತ್ತೇ ನಿಲ್ಲಿಸುತ್ತೇನೆ ಎಂದರು. ಸ್ಪೀಕರಿನಲ್ಲಿ ಕೇಳಿಸಿಕೊಂಡ ಅತ್ತೆಯವರು ಒಪ್ಪಲಿಲ್ಲ. ‘ನಿಲ್ಲಸಬ್ಯಾಡಪ್ಪ ಶಶಿ. ರೊಕ್ಕಾ ಇಸಗೊಂಡು ನಿಂತೈತಿ ಅಂದ್ರ, ಇನ್ನೊಂದೀಟು ಕೊಟ್ರ ಸರೀತೈತಿ’ ಎಂದರು. ಆದ್ದರಿಂದ ತಾವು ಪೂರ್ತಿ ಹೊರಟುಹೋಗುವುದು ಬೇಡ, ಒಂದು ರಸ್ತೆಯ ಅಗಲದಷ್ಟು ಸರಿಯಲು ತಮ್ಮ ದರ ಎಷ್ಟೆಂದು ದಯವಿಟ್ಟು ತಿಳಿಸಬೇಕು. ಸಂಸದರದು ಈಗಾಗಲೇ ವೆಬ್‌ಸೈಟಿನಲ್ಲಿದೆ.