ಬೆಲ್ಲದ ಕಡಾಯಿಯಲ್ಲಿ ಮೂರು ದ್ವೀಪ

ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ನಮ್ಮ ಬೀದರಿಗೆ ಏನು ಸಿಕ್ಕಿತು ಎಂದು ಕಚೇರಿಯಲ್ಲಿ ಎಲ್ಲರೂ ಗೊಣಗುತ್ತಿದ್ದ ಕಾಲವದು. ಒಬ್ಬ ತನ್ನ ಬಡ್ತಿ ತಪ್ಪಿತೆಂದ. ಇನ್ನೊಬ್ಬ, ಇಷ್ಟು ವರ್ಷ ಉರ್ದುವಿನಲ್ಲಿ ಬರೆದ ಕೈ ಈಗ ಕನ್ನಡದಲ್ಲಿ ಬರೆಯೆಂದರೆ ಹೇಗೆ ಬರೆದೀತು ಎಂದ. ನಾನು ಮಾತ್ರ ಮೇಜು ಗುದ್ದಿ ಗುಡುಗಿದೆ.

"ಸಮುದ್ರ ಸಿಕ್ಕದ್ರಿ, ಸಮುದ್ರ! ನಿಜಾಮರ ಕಾಲಕ್ಕ ಇತ್ತೇನು ನಮಗ ಸಮುದ್ರ? ಈಗ ಕಾರವಾರದಿಂದ ಮಂಗಳೂರ ತನಕ ಎಲ್ಲಾ ನಮ್ಮದೇ!"

ಗುದ್ದಿದ ಕೈ ನೋಯುತ್ತಿತ್ತು. ಆದರೆ ಆ ಗಳಿಗೆಯಲ್ಲೇ ನನ್ನೊಳಗೊಂದು ಭೀಷ್ಮ ಪ್ರತಿಜ್ಞೆ ಹುಟ್ಟಿತು. ಬೀದರಿನ ಮೈಲೂರ ನಿವಾಸಿ, ಗುಮಾಸ್ತ ಮನ್ಮಥಪ್ಪನಾದ ನಾನು ಸಮುದ್ರ ಕಂಡೇ ತೀರುತ್ತೇನೆ! ಬರೀ ಕಾಣುವುದೇನು, ಅದರೊಳಗಿನ ದ್ವೀಪಗಳ ಮೇಲೆ ಕಾಲಿಡುತ್ತೇನೆ! ಉಡುಪಿಯ ಹತ್ತಿರ ಮಲ್ಪೆಯೆಂಬ ಊರಿನ ಮುಂದೆ ದ್ವೀಪಗಳಿವೆಯೆಂದು ಯಾರೋ ಹೇಳಿದ್ದನ್ನು ಕೇಳಿದ್ದೆ. ನನಗೆ ಅಷ್ಟು ಸಾಕಾಗಿತ್ತು.

ಮನೆಗೆ ಬಂದಾಗ ನನ್ನ ಹೆಂಡತಿ ಕಸ್ತೂರಿಬಾಯಿ ರೊಟ್ಟಿ ಬಡಿಯುತ್ತಿದ್ದಳು.

"ಏ, ಕೇಳಿಲ್ಲಿ. ನಿನಗ ಸಮುದ್ರ ತೋರಸ್ತೇನಿ."

ಬಡಿಯುವ ಕೈ ನಿಂತಿತು. ಅದು ಯಾಕೆ ನಿಂತಿತೆಂದು ನಿಮಗೆ ತಿಳಿಯಬೇಕಾದರೆ ನಮ್ಮ ವೈನಿ, ಅಂದರೆ ನನ್ನ ಅಣ್ಣ ಮಲ್ಲಿಕಾರ್ಜುನಪ್ಪನ ಹೆಂಡತಿ ಗುಂಡಮ್ಮನ ವಿಷಯ ತಿಳಿಯಬೇಕು. ಅವರಿರುವುದು ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿ. ಹಿಂದೊಮ್ಮೆ ಅಣ್ಣನ ಜೊತೆ ಮುಂಬಯಿಗೆ ಹೋಗಿ ಸಮುದ್ರ ನೋಡಿಕೊಂಡು ಬಂದರು. ಅಂದಿನಿಂದ ಮದುವೆಯಿರಲಿ, ತೊಟ್ಟಿಲಿರಲಿ, ಸಾವಿರಲಿ, ವೈನಿ ಬಾಯಿ ತೆರೆದರೆ ಅಲೆಗಳೇ. ಸಾರಿಗೆ ಉಪ್ಪು ಹೆಚ್ಚಾದರೂ "ಸಮುದ್ರದ ನೀರೂ ಹಿಂಗೇ ಇರ್ತದ ನೋಡು ಕಸ್ತೂರಿ. ಪಾಪ, ನೀ ಎಲ್ಲಿ ನೋಡಿದಿ!" ಎನ್ನುವರು. ತವರೂರು ಭಾಲ್ಕಿಯ ಬಾವಿಗಿಂತ ದೊಡ್ಡ ನೀರು ಕಾಣದ ನನ್ನ ಹೆಂಡತಿ ಆ "ಪಾಪ"ವನ್ನು ವರ್ಷಾನುಗಟ್ಟಲೆ ನುಂಗಿಕೊಂಡು ಬಂದಿದ್ದಳು.

"ಖರೇನ್ರಿ?" ಎಂದಳು.

"ವೈನಿ ನೋಡಿದ್ದು ಬರೇ ಸಮುದ್ರ. ನಾವು ದ್ವೀಪಾನೇ ನೋಡೂದು! ನಾವಿಯೊಳಗ ಕುಂತು ಒಂದು ದ್ವೀಪದಿಂದ ಇನ್ನೊಂದಕ್ಕ, ಅಲ್ಲಿಂದ ಮತ್ತೊಂದಕ್ಕ! ಪುಷ್ಯ ಮಳಿ ಹಿಡೀಲಿ, ಹೊಂಡೂದೇ."

"ಮಳಿಗಾಲದಾಗ ಯಾರರೇ ಸಮುದ್ರಕ್ಕ ಹೋಗ್ತಾರೇನ್ರಿ?"

"ಅದೇ ಹಿಕಮತ್ತು! ಮಂದಿ ಹೋಗೋ ಸೀಜನ್ನಿನಾಗ ಹೋದ್ರ ಗದ್ದಲ. ಮಳಿಗಾಲದಾಗ ಯಾರೂ ಇರಂಗಿಲ್ಲ, ದ್ವೀಪ ಎಲ್ಲಾ ನಮ್ಮದೇ. ಮ್ಯಾಲ ಇನ್ನೊಂದು ವಿಚಾರ ಮಾಡು. ಬ್ಯಾಸಗ್ಯಾಗ ನಮ್ಮ ಮಾಂಜ್ರಾ ನದಿಯೊಳಗ ನಾವಿ ನಡೀತದೇನು?"

"ಮಣಕಾಲ ಮಟಾ ನೀರು ಇರಂಗಿಲ್ಲ, ಹ್ಯಾಂಗ ನಡೀತದರಿ?"

"ಮತ್ತ? ನೀರು ತುಂಬೂದು ಮಳಿಗಾಲದಾಗ. ಸಮುದ್ರ ನೋಡಬೇಕಂದ್ರ ತುಂಬಿದಾಗ ನೋಡಬೇಕು!"

"ಹೌದಲ್ಲರಿ!" ಎಂದಳು. ಮದುವೆಯಾದಾಗಿನಿಂದ ಅವಳು ನನ್ನ ಮಾತಿಗೆ ಹೌದೆಂದದ್ದು ಅದೇ ಮೊದಲು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಸುದ್ದಿ ಮೈಲೂರಲ್ಲಿ ಹಬ್ಬಿತು. ಕಸ್ತೂರಿ ಠಾಣಾ ಕುಶನೂರಿಗೂ ಹೇಳಿ ಕಳಿಸಿದಳು. ನಮ್ಮ ಕಚೇರಿಗೆ ಹೊಸದಾಗಿ ಬಂದಿದ್ದ ಹೆಡ್ ಕ್ಲಾರ್ಕ್ ಕಾಮತರು ಉಡುಪಿ ಕಡೆಯವರೇ. ಅವರನ್ನೊಂದು ಮಾತು ಕೇಳಬಹುದಿತ್ತು. ಆದರೆ ನಮ್ಮ ಜೋಳದ ರೊಟ್ಟಿಯನ್ನು "ಇದು ತಟ್ಟೆಯಾ, ಊಟವಾ?" ಎಂದು ಕೇಳಿದ ಮನುಷ್ಯನ ಹತ್ತಿರ ನಾನು ಸಲಹೆ ಕೇಳುವುದೇ? ಛೆ! ರಜೆಯ ಹಿಂದಿನ ದಿನ ಅವರೇ ಕೇಳಿದರು.

"ಎಲ್ಲಿಗೆ ಹೊರಟದ್ದು ಮನ್ಮಥಪ್ಪನವರೇ?"

"ನಿಮ್ಮ ಮಲ್ಪೆಗೇ. ದ್ವೀಪ ನೋಡಾಕ."

ಕಾಮತರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಎಂಥದು ಮಾರಾಯ್ರೇ! ಈಗ ದೋಣಿ ಎಲ್ಲುಂಟು? ಮಳೆಗಾಲದಲ್ಲಿ ಮೀನು ಹಿಡಿಯುವವರೇ ಕಡಲಿಗೆ ಇಳಿಯುವುದಿಲ್ಲ. ದೋಣಿಗಳನ್ನೆಲ್ಲ ದಡಕ್ಕೆ ಎಳೆದು ತೆಂಗಿನ ಮಡಲು ಹೊದಿಸಿ ಇಟ್ಟಿರ್ತಾರೆ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಇಳಿಯುವುದು."

"ಆದ್ರ ನೀರು ತುಂಬೂದು ಈಗಲ್ಲೇನ್ರಿ? ಬ್ಯಾಸಗ್ಯಾಗ ಸಮುದ್ರ ಬತ್ತತದಲ್ಲ?"

ಕಾಮತರು ಬಹಳ ಹೊತ್ತು ನಗಲಿಲ್ಲ. ಆಮೇಲೆ ನಕ್ಕರು ನೋಡಿ, ಇಡೀ ಕಚೇರಿ ಬಂದು ಸುತ್ತ ನಿಂತಿತು. ನಾನು ಕೊಡೆಯನ್ನೂ ಮರೆತು ಮನೆಗೆ ಓಡಿದೆ.

ಮನೆಯಲ್ಲಿ ಕಾಲಿಡಲು ಜಾಗವಿಲ್ಲ! ಕಸ್ತೂರಿ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಿದ್ದಾಳೆ. ಓಣಿಯ ಹೆಂಗಸರೆಲ್ಲ ಸೇರಿ ಅವಳಿಗೆ ಉಡಿ ತುಂಬುತ್ತಿದ್ದಾರೆ. ಕಾಶಿಗೆ ಹೋಗುವವರಿಗೆ ಗಂಗೆ ತರಲು ಹೇಳುವುದು ನಮ್ಮಲ್ಲಿ ವಾಡಿಕೆ. ಸಮುದ್ರಕ್ಕೆ ಹೋಗುವವರನ್ನು ಬಿಟ್ಟಾರೆಯೇ? ಪಡಸಾಲೆಯ ತುಂಬ ಬಾಟಲಿಗಳು! ಎಣ್ಣೆಯ ಬಾಟಲಿ, ಔಷಧದ ಬಾಟಲಿ, ಕಾಂತಾಬಾಯಿಯ ತಾಮ್ರದ ಗಿಂಡಿ. ಪಕ್ಕದ ಮನೆಯ ಖುರ್ಷಿದ ಬೇಗಂ ಗುಲಾಬಿನೀರಿನ ಖಾಲಿ ಶೀಶೆಯನ್ನು ನನ್ನ ಕೈಗೇ ಕೊಟ್ಟರು.

"ಮನ್ಮಥಪ್ಪ ಭಾಯಿ, ಮಣಕಾಲ ದರ್ದಿಗೆ ಸಮುಂದರ್ ನೀರು ಭಾಳ ಛಲೋ ಅಂತಾರ. ಮರೀಬ್ಯಾಡ್ರಿ."

"ಮರೆಯಂಗಿಲ್ಲ ಆಪಾ," ಎಂದೆ.

ಎಲ್ಲರೂ ಹೋದ ಮೇಲೆ ಅಡಿಗೆ ಮನೆಯಲ್ಲಿ ವಿಷಯ ಹೇಳಿದೆ. ಕಸ್ತೂರಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಉಡಿಯಲ್ಲಿದ್ದ ಕೊಬ್ಬರಿ ಬಟ್ಟಲನ್ನು ನೋಡುತ್ತ ಕುಳಿತಳು. ಕಣ್ಣು ತುಂಬಿತ್ತು.

"ಕುಶನೂರ ಅಕ್ಕಗ ಹೇಳಿ ಕಳಿಸೀನಲ್ಲರಿ. ಇನ್ನ ಸಾಯೋ ತನಕ ನಾ ಆಕಿ ಮುಂದ ಬಾಯಿ ತಗಿಯೋ ಹಂಗಿಲ್ಲ."

"ಹಂಗಾರ ಮಂದಿಗೆ ಖರೆ ಹೇಳಿಬಿಡ್ಲೇನು?"

"ಉಡಿ ತುಂಬಿಸ್ಕೊಂಡೀನಿ. ಹೊಸ್ತಿಲ ದಾಟೂದೇ. ಎಲ್ಲಿಗರೇ ಕರ್ಕೊಂಡು ನಡೀರಿ."

ನನ್ನ ತಲೆ ಮತ್ತೆ ಓಡಿತು. ಅದು ಓಡಿದಾಗಲೆಲ್ಲ ನಮಗೆ ಗ್ರಹಚಾರ. ನನ್ನ ಸಾಲಿಯ ಗೆಳೆಯ ಪಂಢರಿಗೆ ಠಾಣಾ ಕುಶನೂರಿನ ಹೊರಗೆ ಹಳ್ಳದ ದಂಡೆಯಲ್ಲಿ ಹೊಲವಿತ್ತು, ಹೊಲದಲ್ಲಿ ಗುಡಿಸಲಿತ್ತು. ಒಂದು ವಾರ ಅಲ್ಲಿ ಅಡಗಿದ್ದು ಬಂದರೆ ಯಾರಿಗೆ ಗೊತ್ತಾದೀತು?

"ಅಕ್ಕನ ಊರಿಗೇ? ನಿಮಗೇನು ತಲಿ ಕೆಟ್ಟದೇನ್ರಿ?"

"ದೀಪದ ಬುಡಕ್ಕ ಕತ್ತಲಿ ಅಂತಾರ. ಕೆಸರ ತುಳಿದು ವೈನಿ ಹೊಲಕ್ಕ ಬರ್ತಾರೇನು? ಅದಕ್ಕಿಂತ ಭದ್ರ ಜಾಗಾ ಇಲ್ಲ."

"ನಿಮ್ಮ ದ್ವೀಪದ ಬುಡಕ್ಕೂ ಕತ್ತಲೇ ಅದ," ಎಂದು ಸೆರಗಿನಿಂದ ಮೂಗೊರೆಸಿಕೊಂಡಳು.

ಮರುದಿನ ಅರ್ಧ ಮೈಲೂರು ಬಸ್ ನಿಲ್ದಾಣಕ್ಕೆ ಬಂದು ನಮಗೆ ಹಾರ ಹಾಕಿತು. ಹಾಗಾಗಿ ಸಮುದ್ರದ ದಿಕ್ಕಿನ ಬಸ್ಸನ್ನೇ ಹತ್ತಬೇಕಾಯಿತು. ಹುಮನಾಬಾದದಲ್ಲಿ ಇಳಿದು ಭಾಲ್ಕಿಗೆ ಬಂದೆವು. ಭಾಲ್ಕಿ ಇವಳ ತವರು! ಯಾರ ಕಣ್ಣಿಗೂ ಬೀಳಬಾರದೆಂದು ಇವಳು ಮುಸುಕು ಹಾಕಿಕೊಂಡಳು, ನಾನು ಮುಖಕ್ಕೆ ಟವೆಲ್ ಸುತ್ತಿಕೊಂಡೆ. ಬಳೆ ಮಾರುವ ಬಿಸ್ಮಿಲ್ಲಾಬೀ ನೇರವಾಗಿ ಬಂದು ಎದುರಿಗೆ ನಿಂತಳು.

"ಯಾರು, ನಮ್ಮ ಕಸ್ತೂರಿ ಅಲ್ಲೇನು?"

"ಅಲ್ಲ," ಎಂದೆ ನಾನು.

"ನಾ ಕಸ್ತೂರಿ ಅಲ್ಲ ಬಿಸ್ಮಿಲ್ಲಾ ಮೌಸಿ," ಎಂದಿತು ಮುಸುಕು.

ನಾನು ಹಣೆ ಚಚ್ಚಿಕೊಂಡೆ. ಅವಳ ತವರಿಗೆ ಸುದ್ದಿ ಮುಟ್ಟುವ ಮೊದಲು ಸಿಕ್ಕ ಬಸ್ಸು ಹತ್ತಿದೆವು. ಠಾಣಾ ಕುಶನೂರಿನ ಈಚೆಗೇ ಇಳಿದ ಮೇಲೆ ಎರೆಮಣ್ಣಿನ ದಾರಿ. ಒಂದು ಹೆಜ್ಜೆಗೆ ಒಂದು ಸೇರು ಮಣ್ಣು ಕಾಲಿಗೆ ಅಂಟುತ್ತಿತ್ತು. ನನ್ನ ಬಲಗಾಲಿನ ಚಪ್ಪಲಿ ಅವತ್ತು ಭೂಮಿಗೆ ಹೋದದ್ದು ಇಂದಿಗೂ ಮೇಲೆ ಬಂದಿಲ್ಲ. ಹಿಂದಿನಿಂದ ಕಸ್ತೂರಿ ಹೊತ್ತ ಚೀಲದಲ್ಲಿ ಬಾಟಲಿಗಳು ಝಣಝಣ ಎನ್ನುತ್ತಿದ್ದವು.

ಪಂಢರಿ ನಮ್ಮನ್ನು ಗುಡಿಸಲಲ್ಲಿ ಬಿಟ್ಟು, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿ ಊರಿಗೆ ಹೋದ. ಅವನ ಬೆನ್ನಿಗೇ ಮಳೆ ಹಿಡಿಯಿತು. ಅದೂ ಎಂಥ ಮಳೆ! ಸೀಜನ್ ತಪ್ಪಿಸಿ ಬಂದ ನನ್ನನ್ನೇ ಹುಡುಕಿಕೊಂಡು ಬಂದಂತಿತ್ತು. ಗುಡಿಸಲು ಸೋರತೊಡಗಿತು. ಇಲ್ಲಿ ಸೋರಿದರೆ ಕಾಂತಾಬಾಯಿಯ ಗಿಂಡಿ, ಅಲ್ಲಿ ಸೋರಿದರೆ ಎಣ್ಣೆ ಬಾಟಲಿ, ನನ್ನ ತಲೆಯ ಮೇಲೆ ಸೋರಿದರೆ ಖುರ್ಷಿದ ಬೇಗಂರ ಗುಲಾಬಿ ಶೀಶೆ. ಎಲ್ಲಕ್ಕೂ ಕೆಲಸ ಸಿಕ್ಕಿತು.

"ಮನಿ ಬಿಟ್ಟು ಇಲ್ಲಿಗೆ ಬಂದು ಸೋರೂದು ನೋಡಬೇಕಿತ್ತೇನ್ರಿ? ನಮ್ಮ ಮನ್ಯಾಗೂ ಸೋರ್ತಿತ್ತಲ್ಲ?" ಎಂದಳು ಕಸ್ತೂರಿ.

"ಸುಮ್ಮ ಕೂಡು. ಇದೆಷ್ಟೊತ್ತಿನ ಮಳಿ?"

ಎರಡು ದಿನ ಬಿಡಲಿಲ್ಲ. ಬುತ್ತಿಯ ಗರಿಗರಿ ಕಟಕ ರೊಟ್ಟಿ ತೊಯ್ದು ಚಿಂದಿಯಾಯಿತು. ಮೂರನೆಯ ಬೆಳಿಗ್ಗೆ ಹೊರಗೆ ಇಣುಕಿದರೆ ಹೊಲವೇ ಇಲ್ಲ! ಹಳ್ಳ ಉಕ್ಕಿ ತೊಗರಿಯನ್ನೆಲ್ಲ ಮುಳುಗಿಸಿ ನಾಲ್ಕೂ ಕಡೆ ಹರಿಯುತ್ತಿತ್ತು. ನಡುವೆ ನಮ್ಮ ಗುಡಿಸಲು, ಒಂದು ಬೇವಿನ ಮರ, ಯಾರದೋ ಎಮ್ಮೆ, ನಾವಿಬ್ಬರು.

"ಏನ್ರಿ," ಎಂದಳು ಕಸ್ತೂರಿ ಬಹಳ ಶಾಂತವಾಗಿ, "ನಾಲ್ಕೂ ಕಡಿ ನೀರಿದ್ರ ಅದಕ್ಕ ಏನಂತಾರ?"

ನಾನು ಎಮ್ಮೆಯ ಕಡೆ ನೋಡಿದೆ.

"ಸಾಲ್ಯಾಗ ಕಲ್ತೀರಲ್ಲಾ, ಹೇಳ್ರಿ!"

"ದ್ವೀಪ," ಎಂದೆ. ಎಮ್ಮೆ ಕೂಡ ನನ್ನ ಕಡೆ ನೋಡಿತು.

ಅಷ್ಟರಲ್ಲಿ ದೂರದಿಂದ ಕೂಗು. ಪಂಢರಿ ಮತ್ತು ಅವನ ಅಳಿಯ ಮಾಣಿಕ ಬರುತ್ತಿದ್ದರು. ಹೊಳೆ ಉಕ್ಕಿದರೆ ನಮ್ಮ ಕಡೆ ನಾವಿ ಹುಡುಕುವುದಿಲ್ಲ. ಗಾಣದ ಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವ ದೊಡ್ಡ ಕಬ್ಬಿಣದ ಕಡಾಯಿಯನ್ನೇ ನೀರಿಗೆ ಬಿಡುತ್ತೇವೆ. ಒಳಗೆ ಮಂದಿ ಕೂರಬೇಕು, ಈಜು ಬಲ್ಲವರು ಎರಡೂ ಕಡೆಯಿಂದ ಹಿಡಿದು ನೂಕಬೇಕು. ಆ ಕಡಾಯಿ ಬಂತು.

"ಕುಂದರ್ರಿ ಮನ್ಮಥಪ್ಪ! ಅಳ್ಳಾಡಬ್ಯಾಡ್ರಿ, ಮಗಚತದ!" ಎಂದ ಪಂಢರಿ.

ನೀರಿಗಿಳಿದ ಕ್ಷಣವೇ ಕಡಾಯಿ ಗರಗರ ತಿರುಗಿತು. ಬೀದರಿನ ದಿಕ್ಕು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ! ನಾನು ಕಣ್ಣು ಮುಚ್ಚಿದೆ, ಬಾಯಿ ಮುಚ್ಚಿದೆ, ಬಸವಣ್ಣನನ್ನು ಮನಸ್ಸಿನಲ್ಲೇ ಕೂಗಿದೆ. ಕಸ್ತೂರಿ ಮಾತ್ರ ಬಾಟಲಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣರಳಿಸಿ ನೀರು ನೋಡುತ್ತ ಕುಳಿತಿದ್ದಳು. ನಡುವೆ ಹಣಮಂತ ದೇವರ ದಿಬ್ಬದ ಮೇಲೆ ಈಜುವವರು ದಣಿವಾರಿಸಿಕೊಂಡರು. ಸುತ್ತ ನೀರು ಸುತ್ತುಗಟ್ಟಿದ ಆ ದಿಬ್ಬದಲ್ಲಿ ಆಡುಗಳು ನಿಂತಿದ್ದವು.

"ಎರಡನೇ ದ್ವೀಪ," ಎಂದಳು ಕಸ್ತೂರಿ.

ಅಲ್ಲಿಂದ ಮತ್ತೆ ಕಡಾಯಿ ಹತ್ತಿ ಊರಿಗೆ ಬಂದೆವು. ಊರಿನ ದಾರಿಗಳೆಲ್ಲ ಮುಳುಗಿ ಠಾಣಾ ಕುಶನೂರೇ ಮೂರನೆಯ ದ್ವೀಪವಾಗಿತ್ತು! ದಂಡೆಯ ಮೇಲೆ ಇಡೀ ಊರು ನೆರೆದಿತ್ತು. ಎಲ್ಲರ ಮುಂದೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಗುಂಡಮ್ಮ ವೈನಿ, ಅವರ ಹಿಂದೆ ನನ್ನ ಅಣ್ಣ.

"ಏನೋ ಮನ್ಮಥ! ಸಮುದ್ರಕ್ಕ ಹೋದಾಂವ ಕಡಾಯ್ಯಾಗ ಬಂದೀಯಲ್ಲೋ!"

ಇಡೀ ಊರು ನಕ್ಕಿತು. ನಾನು ಇಳಿಯುವಾಗ ಜಾರಿ ಕೆಸರಿನಲ್ಲಿ ಕುಳಿತೆ. ಇನ್ನೊಮ್ಮೆ ನಕ್ಕಿತು. ಕಸ್ತೂರಿ ನಗಲಿಲ್ಲ. ಇಳಿದವಳೇ ವೈನಿಯ ಎದುರು ನಿಂತಳು.

"ಅಕ್ಕಾ, ಇವ್ರ ಮಾತು ಕೇಳಿ ಕೆಟ್ಟೆ. ಈಗ ಅನ್ರಿ. ಪಾಪ ಅನ್ರಿ, ಏನು ಬೇಕಾದ್ದು ಅನ್ರಿ!" ಎಂದು ಗಳಗಳ ಅತ್ತುಬಿಟ್ಟಳು.

ವೈನಿಯ ಮುಖ ಒಮ್ಮೆಲೇ ಇಳಿಯಿತು. ಕಂಬಳಿಯೊಳಗೆ ಅವಳನ್ನೆಳೆದುಕೊಂಡು ಮೆಲ್ಲಗೆ ಹೇಳಿದರು.

"ಅಳಬ್ಯಾಡ ತಂಗಿ. ನಾ ಏನು ಭಾಳ ನೋಡಿ ಸತ್ತೀನಿ? ದಂಡಿಗಿ ಹೋಗಿ ನಿಂದ್ರಬೇಕು, ಅಷ್ಟ್ರಾಗ ನಿನ್ನ ಭಾವ 'ರೈಲು ಹೋಗ್ತದ, ರೈಲು ಹೋಗ್ತದ' ಅಂತ ಕೈ ಹಿಡದು ಎಳಕೊಂಡು ಬಂದ್ರು. ಕಾಲು ಸುದ್ದಾ ತೊಯ್ಲಿಲ್ಲ ನಂದು! ಉಳಿದಿದ್ದೆಲ್ಲಾ ನಾನೇ ಕೂಡಿಸಿ ಹೇಳಿದ್ದು."

ಕಸ್ತೂರಿ ಅಳು ನಿಲ್ಲಿಸಿದಳು. ಇಬ್ಬರೂ ಒಂದೇ ಕಂಬಳಿಯೊಳಗಿಂದ ಮೊದಲು ನನ್ನನ್ನು ನೋಡಿದರು, ಆಮೇಲೆ ನನ್ನ ಅಣ್ಣನನ್ನು ನೋಡಿದರು. ನಮ್ಮಿಬ್ಬರಿಗೂ ಮೈ ಚಳಿ ಬಂತು. ನೀರಿಳಿಯುವ ತನಕ ಅಣ್ಣನ ಮನೆಯಲ್ಲಿ ಅವರಿಬ್ಬರೂ ಅದೇನೋ ಗುಸುಗುಸು ನಡೆಸಿದ್ದರು.

ಅದೇನೆಂದು ದೀಪಾವಳಿಗೆ ಗೊತ್ತಾಯಿತು. ಕಾಮತರ ಹೆಂಡತಿ ಹಬ್ಬಕ್ಕೆ ಉಡುಪಿಗೆ ಹೊರಟರು. ಅವರ ಜೊತೆಗೆ ನನ್ನ ಹೆಂಡತಿ, ನಮ್ಮ ವೈನಿ, ತೊಳೆದು ಒಣಗಿಸಿದ ಅವೇ ಬಾಟಲಿಗಳು!

"ಮತ್ತ ನಾ?" ಎಂದೆ.

"ನಿಮಗ ಗದ್ದಲ ಆಗಂಗಿಲ್ಲಲ್ಲರಿ. ಇದು ಸೀಜನ್ನು," ಎಂದಳು.

ಅಣ್ಣ ಊರಲ್ಲಿ ಉಪವಾಸ ಬೀಳಲಾರದೆ ಮೈಲೂರಿಗೆ ಬಂದ. ಇಬ್ಬರೂ ರೊಟ್ಟಿ ಬಡಿದೆವು. ಒಂದೂ ದುಂಡಗಾಗಲಿಲ್ಲ. ಕಾಮತರು ದಿನಾ ಸಂಜೆ ಬಂದು, ಬೇಸಿಗೆಯಲ್ಲಿ ಸಮುದ್ರ ಬತ್ತುವ ಕತೆಯನ್ನು ನನ್ನ ಬಾಯಿಂದಲೇ ಹೇಳಿಸಿ ಅಣ್ಣನನ್ನು ನಗಿಸಿ ಹೋಗುತ್ತಿದ್ದರು.

ಹೆಂಗಸರು ಮರಳಿ ಬಂದಾಗ ಕಸ್ತೂರಿಯ ಮುಖ ಬಿಸಿಲಿಗೆ ಕಪ್ಪಾಗಿ, ಹೊಳೆಯುತ್ತಿತ್ತು. ಓಣಿಯ ಎಲ್ಲರಿಗೂ ಅವರವರ ಬಾಟಲಿ ಮುಟ್ಟಿತು. ಖುರ್ಷಿದ ಬೇಗಂ ಅಲ್ಲೇ ಮೊಣಕಾಲಿಗೆ ಹಚ್ಚಿಕೊಂಡರು. ನಾನು ಮೆಲ್ಲಗೆ ಹತ್ತಿರ ಹೋದೆ.

"ಹ್ಯಾಂಗಿತ್ತು ದ್ವೀಪ?"

"ಏನು ಹೇಳ್ಲಿರಿ! ನೀರು, ಗಾಳಿ, ಕರೀ ಬಂಡೆಗಲ್ಲು. ಯಾರ ಮಾತೂ ಇಲ್ಲ, ಎಷ್ಟು ಶಾಂತ!"

"ಮುಂದಿನ ಸಲ ನಾನೂ ಬರ್ತೇನಿ."

"ಬರ್ರಿ, ಬ್ಯಾಡ ಅಂದವ್ರ್ಯಾರು? ಪಂಢರಿಗೆ ಹೇಳಿ ಆ ಕಡಾಯಿ ತರಸ್ತೇನಿ," ಎಂದು ಚೀಲ ನನ್ನ ಕೈಗೆ ಕೊಟ್ಟಳು. "ಅದರಾಗ ಕುಂತಾಗ ಒಂದೇ ನೀವು ಬಾಯಿ ಮುಚ್ಚಿದ್ದು!"