ಅಮೃತಶಿಲೆಯ ಬಣ್ಣದ ಮೇಲೆ ರೊಟ್ಟಿ ಬಡಿಯುವ ಕುರಿತು

ಅಕ್ಕಿಆಲೂರು

ಕಲ್ಲಿಗೇ ಇನ್ನೊಂದು ಕಲ್ಲಿನ ವೇಷ ಹಾಕಿಸಬಲ್ಲ ಬಣ್ಣದ ಕಂಪನಿಯ ಮಾನ್ಯ ವ್ಯವಸ್ಥಾಪಕರೇ,

ತಮಗೂ, ತಮ್ಮ ಡಬ್ಬಿಯ ಚಿತ್ರದಲ್ಲಿ ಅಡುಗೆಕಟ್ಟೆಗೆ ಒರಗಿ ನಗುತ್ತಿರುವ ಗುಲಾಬಿ ಸೀರೆಯ ತಾಯಿಗೂ ಶೈಲಾ ಮಾಡುವ ಶರಣು ಶರಣಾರ್ಥಿ. ಆ ತಾಯಿಯ ಕಟ್ಟೆಯ ಮೇಲೆ ಒಂದು ನಿಂಬೆಹಣ್ಣು ಬಿಟ್ಟರೆ ಬೇರೇನೂ ಇಲ್ಲವೆಂಬುದನ್ನು ಕೊಳ್ಳುವಾಗಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ, ತಪ್ಪು ನನ್ನದೇ.

ನಮ್ಮ ಕಟ್ಟೆ ಇಪ್ಪತ್ತೆರಡು ವರ್ಷದ ಕರಿ ಕಡಪಾ ಕಲ್ಲು. ಅದರ ಬಗ್ಗೆ ನನಗೇನೂ ದೂರಿರಲಿಲ್ಲ. ಆದರೆ ನಾವು ಮಗಳನ್ನು ಕೊಟ್ಟ ಹಿರೇಬೆಂಡಿಗೇರಿಯ ಬೀಗರು ತಮ್ಮ ಅಡುಗೆಮನೆಗೆ ಅಮೃತಶಿಲೆ ಹಾಕಿಸಿ, ಬೀಗತಿ ಮಹಾದೇವಕ್ಕ ಅದರ ಫೋಟೋವನ್ನು ದಿನಕ್ಕೆರಡು ಸಲ ಕಳಿಸತೊಡಗಿದ ಮೇಲೆ ನಮ್ಮ ಕಪ್ಪು ಕಣ್ಣಿಗೆ ಚುಚ್ಚತೊಡಗಿತು. ತಮ್ಮ ಬಣ್ಣ ತಂದೆ. ಬಿಳಿ ಎರಡು ಸಲ ಬಳಿದು, ಸ್ಪಂಜಿನಿಂದ ಬೂದು ಒತ್ತಿ, ಹಕ್ಕಿಯ ಗರಿಯಿಂದ ಗೆರೆ ಎಳೆದೆ. ಬಣ್ಣದಂಗಡಿಯ ಮುಜಾಫರ ಅವರು “ಅಕ್ಕಾರ, ಕೈ ನಡುಗಿಸಿ ಎಳೀರಿ, ನೆಟ್ಟಗ ಎಳದ್ರ ಕಲ್ಲು ಅನಸೂದಿಲ್ಲ” ಎಂದು ಹೇಳಿಕೊಟ್ಟಿದ್ದರು. ಬೀಗತಿಯನ್ನು ನೆನೆದರೆ ನನ್ನ ಕೈ ತಾನೇ ನಡುಗುವುದರಿಂದ ಗೆರೆಗಳು ಬಲು ಚೆಂದ ಬಂದವು.

ಇಪ್ಪತ್ತೊಂದು ದಿನ ನೀರು ತಾಗಿಸಬಾರದು, ಬಿಸಿ ಇಡಬಾರದು ಎಂಬ ತಮ್ಮ ಅಪ್ಪಣೆಯನ್ನು ವ್ರತದಂತೆ ಪಾಲಿಸಿ, ಪಡಸಾಲೆಯ ನೆಲದ ಮೇಲೆ ಅಡುಗೆ ಮಾಡಿಕೊಂಡೆವು. “ನಂತರ ಎಂದಿನಂತೆ ಬಳಸಿರಿ” ಎಂದು ತಾವು ಬರೆದಿದ್ದೀರಿ. ಆದ್ದರಿಂದ ಇಪ್ಪತ್ತೆರಡನೆಯ ದಿನ ಎಂದಿನಂತೆ ಬಳಸಿದೆವು.

ನಮ್ಮ ಮನೆಯ “ಎಂದಿನಂತೆ” ಏನೆಂದು ತಾವು ಯಾರನ್ನಾದರೂ ಕೇಳಬಹುದಿತ್ತು. ನಮ್ಮತ್ತೆ ಮುದಕವ್ವನವರಿಗೆ ಎಪ್ಪತ್ತಾರು ವರ್ಷ. ಮೊಣಕಾಲು ಕೈಕೊಟ್ಟಿದೆ, ಕಣ್ಣು ಮಂಜಾಗಿದೆ. ಆದರೂ ದಿನಾ ಬೆಳಗ್ಗೆ ಕಟ್ಟೆಯ ಮುಂದೆ ನಿಂತು, ಬರಿ ಕಲ್ಲಿನ ಮೇಲೆ ಹಿಟ್ಟು ಉದುರಿಸಿ, ಅಂಗೈಯಿಂದ ಪಟಪಟ ಬಡಿದು ಇಪ್ಪತ್ತೈದು ಜೋಳದ ರೊಟ್ಟಿ ಮಾಡುತ್ತಾರೆ. ಮನೆಯಲ್ಲಿ ಅವರಿಂದ ಯಾರೂ ಕಸಿದುಕೊಳ್ಳದೆ ಉಳಿದ ಕೆಲಸ ಅದೊಂದೇ.

ಅಂದು ಕಟ್ಟೆ ನೋಡಲೆಂದೇ ಬಂದಿದ್ದ ಮಹಾದೇವಕ್ಕ ಮೊದಲ ರೊಟ್ಟಿಯನ್ನು ಬೆಳಕಿಗೆ ಹಿಡಿದು, “ಇದೇನ್ರೀ ಬೀಗರ, ನಿಮ್ಮ ರೊಟ್ಟಿಗೆ ನರ ಮೂಡ್ಯಾವು!” ಎಂದರು. ತಮ್ಮ ಬಣ್ಣದ ಹಿಡಿತವನ್ನು ಎಷ್ಟು ಹೊಗಳಿದರೂ ಸಾಲದು ಸ್ವಾಮಿ. ಕಲ್ಲನ್ನು ಬಿಟ್ಟು ಬಂತು, ರೊಟ್ಟಿಯನ್ನು ಮಾತ್ರ ಬಿಡಲಿಲ್ಲ. ರೊಟ್ಟಿ ಎಮ್ಮೆಗೆ ಹಾಕಿದರೆ ಅದೂ ಮೂಸಿ ಮುಖ ತಿರುಗಿಸಿತು.

ಅಷ್ಟಾದರೂ ನಾನು ಮರ್ಯಾದೆಗೆ ಅಂಜಿ, ಕಟ್ಟೆಯನ್ನು ಉಳಿಸಿಕೊಳ್ಳಲು, “ಅತ್ತೀ, ನಾಳಿಂದ ಬಡೀಬ್ಯಾಡ್ರಿ, ಅಂಗಡಿ ರೊಟ್ಟಿ ತರಸೋಣು” ಎಂದುಬಿಟ್ಟೆ. ಅವರು ಕೈ ತೊಳೆದುಕೊಂಡು ಹೋಗಿ ಮಂಚದ ಮೇಲೆ ಕುಳಿತರು. ನಾಲ್ಕು ದಿನ ಹಾಗೇ ಕುಳಿತು, ಐದನೆಯ ದಿನ “ಹಂಗಾದ್ರ ನಾ ಇನ್ನ ಏನ್ ಮಾಡ್ಲೆವಾ?” ಎಂದು ಕೇಳಿದರು. ಇದಕ್ಕೆ ಉತ್ತರವನ್ನು ತಮ್ಮ ಡಬ್ಬಿಯ ಸುತ್ತ ಕನ್ನಡದಲ್ಲೂ ಹಿಂದಿಯಲ್ಲೂ ಹುಡುಕಿದೆ, ಸಿಗಲಿಲ್ಲ. ನನಗೆ ಬಹಳ ನಾಚಿಕೆಯಾಯಿತು, ಮಾನ್ಯರೇ.

ಆದಕಾರಣ ವಿನಂತಿ ಏನೆಂದರೆ, ಆ ಗುಲಾಬಿ ಸೀರೆಯ ತಾಯಿಯನ್ನು ಒಂದು ಬೆಳಗ್ಗೆ ನಮ್ಮಲ್ಲಿಗೆ ಕಳಿಸಿ ನಿಂಬೆಹಣ್ಣು ಸರಿಸಿ ಇಪ್ಪತ್ತೈದು ರೊಟ್ಟಿ ಬಡಿಯಲು ಹೇಳಬೇಕು. ಅದಾಗದಿದ್ದರೆ ಕಟ್ಟೆಯನ್ನು ಮುಟ್ಟದೆ ಗಾಳಿಯಲ್ಲೇ ದುಂಡಗಾಗುವ ಜೋಳದ ಹಿಟ್ಟನ್ನಾದರೂ ತಮ್ಮ ವಿಜ್ಞಾನಿಗಳು ಕಂಡುಹಿಡಿಯಬೇಕು. ಅವಸರವಿಲ್ಲ, ಮಧ್ಯಾಹ್ನದ ಊಟದೊಳಗಾದರೆ ಸಾಕು.

ಇಷ್ಟಾದರೂ ತಮ್ಮ ವಿಶ್ವಾಸಿ,
ಶೈಲಾ

ತಾ.ಕ.: ತಮ್ಮ ಉತ್ತರಕ್ಕೆ ಕಾಯದೆ, ಹಳೆಯ ಚಾಕುವಿನಿಂದ ಅತ್ತೆ ನಿಲ್ಲುವ ಜಾಗದಲ್ಲಿ ಒಂದು ರೊಟ್ಟಿಯಗಲ ಅಮೃತಶಿಲೆಯನ್ನು ಕೆರೆದು ತೆಗೆದೆ. ಅವರು ಸವರಿ ನೋಡಿ, “ಇನ್ನೊಂದೀಟು ಅಗಲ ಮಾಡ, ಹಿಟ್ಟಿಗೂ ಜಾಗಾ ಬೇಕಲ್ಲ” ಎಂದರು. ಮಾಡಿಕೊಟ್ಟೆ. ಈಗ ಅಲ್ಲೇ ಬಡಿಯುತ್ತಿದ್ದಾರೆ. ತಮ್ಮ ಬಣ್ಣಕ್ಕೆ ಹತ್ತು ವರ್ಷದ ಗ್ಯಾರಂಟಿ ಇದೆಯೆಂದು ಡಬ್ಬಿ ನೋಡಿ ಓದಿ ಹೇಳಿದೆ. ಕೈ ನಿಲ್ಲಿಸದೆಯೇ ಹೇಳಿದರು: “ಹತ್ತು ವರ್ಷಾನ? ನಾ ಇರತೇನಿ ಅಂತ ಬರಿ. ಅವರ ಬಣ್ಣ ಇರತೈತೇನು ಕೇಳು.”